ಸಿಂಗಾಪುರದ ಸಿಲೋಸೊ ಕೋಟೆ: ಮಹಾಯುದ್ಧದ ಫಿರಂಗಿ ನೆಲೆಯನ್ನು ನೋಡಿ ಬರುವ ಸಮಗ್ರ ಮಾರ್ಗದರ್ಶಿ

ಸಿಂಗಾಪುರಕ್ಕೆ ಹೋದ ನಮ್ಮವರು ಸೆಂಟೋಸಾ ದ್ವೀಪಕ್ಕೆ ಹೋಗದೆ ಬರುವುದು ಅಪರೂಪ. ಯೂನಿವರ್ಸಲ್ ಸ್ಟುಡಿಯೋಸ್, ಕೇಬಲ್ ಕಾರು, ಬೀಚು, ಅಷ್ಟರಲ್ಲಿ ದಿನ ಮುಗಿದಿರುತ್ತದೆ. ಅದೇ ದ್ವೀಪದ ಪಶ್ಚಿಮ ತುದಿಯ ಗುಡ್ಡದ ಮೇಲೆ, ಕಾಡಿನ ನಡುವೆ ಒಂದು ಕೋಟೆಯಿದೆ. ಟಿಕೆಟ್ ಇಲ್ಲ, ಸಾಲು ನಿಲ್ಲಬೇಕಿಲ್ಲ. ಎರಡನೇ ಮಹಾಯುದ್ಧದಲ್ಲಿ ಸಿಂಗಾಪುರವನ್ನು ಕಾಯುತ್ತಿದ್ದ ಹನ್ನೆರಡು ಫಿರಂಗಿ ನೆಲೆಗಳಲ್ಲಿ ದುರಸ್ತಿ ಮಾಡಿ ಪೂರ್ತಿಯಾಗಿ ಉಳಿಸಿಕೊಂಡಿರುವುದು ಇದೊಂದನ್ನೇ. ಹೆಸರು ಫೋರ್ಟ್ ಸಿಲೋಸೊ.

ಮೈಸೂರಿನಲ್ಲೋ ಚಿತ್ರದುರ್ಗದಲ್ಲೋ ನೋಡಿದ ಕೋಟೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಹೋದರೆ ಮೊದಲ ಹತ್ತು ನಿಮಿಷ ನಿರಾಸೆಯಾಗುತ್ತದೆ. ಇಲ್ಲಿ ಎತ್ತರದ ಗೋಡೆಯಿಲ್ಲ, ಹೆಬ್ಬಾಗಿಲಿನ ವೈಭವವಿಲ್ಲ. ಕರಾವಳಿ ಫಿರಂಗಿ ನೆಲೆಯ ಜಾಣತನವೇ ಕಣ್ಣಿಗೆ ಬೀಳದೆ ಇರುವುದರಲ್ಲಿದೆ. ಮುಖ್ಯವಾದದ್ದೆಲ್ಲ ನೆಲದೊಳಗೆ ಹುದುಗಿದೆ, ಮೇಲೆ ಉಳಿದಿರುವುದು ಫಿರಂಗಿಯ ಮೂತಿ ಮಾತ್ರ. ಹೀಗಾಗಿ ಏನನ್ನು ನೋಡಬೇಕು ಎಂಬುದು ಮೊದಲೇ ತಿಳಿದಿರಬೇಕು. ಈ ಬರಹ ಅದಕ್ಕಾಗಿ.

ಹೊರಡುವ ಮುನ್ನ: ಒಂದು ಪ್ರಶ್ನೆ ಜೇಬಿನಲ್ಲಿರಲಿ

ಸಿಂಗಾಪುರದ ಪತನದ ಬಗ್ಗೆ ಎಲ್ಲರ ಬಾಯಲ್ಲೂ ಇರುವ ಮಾತು ಒಂದೇ: ‘ಬ್ರಿಟಿಷರ ಫಿರಂಗಿಗಳೆಲ್ಲ ಸಮುದ್ರದ ಕಡೆ ನೋಡುತ್ತಿದ್ದವು, ಜಪಾನಿಯರು ಹಿಂದಿನಿಂದ ಬಂದರು.’ ಟೂರ್ ಗೈಡುಗಳೂ ಇದನ್ನೇ ಹೇಳುತ್ತಾರೆ. ಇದು ಎಷ್ಟು ನಿಜ ಎಂಬುದನ್ನು ಅಲ್ಲೇ ನಿಂತು ಪರೀಕ್ಷಿಸುತ್ತೇನೆ ಎಂದುಕೊಂಡು ಹೋಗಿ. ಕೋಟೆ ನೋಡುವ ರೀತಿಯೇ ಬದಲಾಗುತ್ತದೆ.

ಹಿನ್ನೆಲೆ ಇಷ್ಟು ಸಾಕು. 1869ರಲ್ಲಿ ಸೂಯೆಜ್ ಕಾಲುವೆ ತೆರೆದ ಮೇಲೆ ಯುರೋಪಿನಿಂದ ಚೀನಾದ ಕಡೆ ಹೋಗುವ ಹಡಗುಗಳ ಸಂಖ್ಯೆ ಏರಿತು. ಅವಕ್ಕೆ ಕಲ್ಲಿದ್ದಲು ತುಂಬಿಸುವ ಬಂದರು ಸಿಂಗಾಪುರ. ಈಗ ಕೆಪ್ಪೆಲ್ ಹಾರ್ಬರ್ ಎನ್ನುವ ಆ ಬಂದರಿಗೆ ಪಶ್ಚಿಮದಿಂದ ಒಳಬರುವ ಕಿರಿದಾದ ದಾರಿ ಸಿಲೋಸೊ ಗುಡ್ಡದ ಕೆಳಗೇ ಹಾದುಹೋಗುತ್ತದೆ. 1870ರ ದಶಕದಲ್ಲಿ ಬ್ರಿಟಿಷರು ಗುಡ್ಡದ ತಲೆಯನ್ನು ಕಡಿದು ಸಮ ಮಾಡಿ ಫಿರಂಗಿ ಏರಿಸಿದರು. ಆಗ ಈ ದ್ವೀಪಕ್ಕೆ ಪುಲಾವ್ ಬ್ಲಾಕಾಂಗ್ ಮಾಟಿ ಎಂಬ ಹೆಸರಿತ್ತು. ಸೆಂಟೋಸಾ ಎಂಬುದು 1970ರ ದಶಕದಲ್ಲಿ ಪ್ರವಾಸೋದ್ಯಮಕ್ಕಾಗಿ ಇಟ್ಟದ್ದು. 1930ರ ದಶಕದಲ್ಲಿ ಇಲ್ಲಿಗೆ ಹೊಸ ಕಾಲದ ಎರಡು 6 ಇಂಚಿನ ಫಿರಂಗಿಗಳು ಬಂದವು. ಇದೇ ದ್ವೀಪದಲ್ಲಿ ಸೆರಪಾಂಗ್ ಮತ್ತು ಕನಾಟ್ ನೆಲೆಗಳು, ನೀರಿನ ಆಚೆ ದಡದಲ್ಲಿ ಲ್ಯಾಬ್ರಡಾರ್, ದೂರದ ಪೂರ್ವದಲ್ಲಿ ಚಾಂಗಿಯ 15 ಇಂಚಿನ ದೈತ್ಯಗಳು. ಎಲ್ಲ ಸೇರಿ ಒಂದು ಜಾಲ.

1941ರ ಡಿಸೆಂಬರ್ 8ರಂದು ಜಪಾನೀ ಸೇನೆ ಮಲಯಾದ ಕೋಟ ಭಾರುವಿನಲ್ಲಿ ಇಳಿಯಿತು. ಎರಡು ತಿಂಗಳಲ್ಲಿ ಇಡೀ ಪರ್ಯಾಯ ದ್ವೀಪವನ್ನು ದಾಟಿ, 1942ರ ಫೆಬ್ರುವರಿ 8ರ ರಾತ್ರಿ ಜೊಹೋರ್ ಜಲಸಂಧಿಯನ್ನು ಹಾಯ್ದು ಸಿಂಗಾಪುರದ ವಾಯವ್ಯ ದಂಡೆಗೆ ಕಾಲಿಟ್ಟಿತು. ಫೆಬ್ರುವರಿ 15ರಂದು ಎಲ್ಲ ಮುಗಿಯಿತು.

ಯಾವಾಗ ಹೋಗಬೇಕು, ಏನು ಒಯ್ಯಬೇಕು

ಕೋಟೆ ಸಾಮಾನ್ಯವಾಗಿ ಬೆಳಿಗ್ಗೆ 10ರಿಂದ ಸಂಜೆ 6ರವರೆಗೆ ತೆರೆದಿರುತ್ತದೆ. ಹೊರಡುವ ಹಿಂದಿನ ದಿನ ಸೆಂಟೋಸಾದ ವೆಬ್‌ಸೈಟಿನಲ್ಲಿ ಸಮಯವನ್ನು ಒಮ್ಮೆ ನೋಡಿಕೊಳ್ಳಿ, ದುರಸ್ತಿಗೆಂದು ಕೆಲವು ಭಾಗ ಮುಚ್ಚುವುದುಂಟು. ನನ್ನ ಸಲಹೆ, ಬಾಗಿಲು ತೆರೆಯುವ ಹೊತ್ತಿಗೇ ಅಲ್ಲಿರಿ. ಸಿಂಗಾಪುರದ ಸೆಕೆ ಮಂಗಳೂರಿನ ಏಪ್ರಿಲ್ ತಿಂಗಳನ್ನು ವರ್ಷವಿಡೀ ಹಿಗ್ಗಿಸಿದ ಹಾಗೆ. ಹನ್ನೆರಡು ಗಂಟೆಯ ಮೇಲೆ ಗುಡ್ಡದಲ್ಲಿ ಅಡ್ಡಾಡುವುದು ಶಿಕ್ಷೆ. ಮಧ್ಯಾಹ್ನದ ಮಳೆಯೂ ದಿಢೀರನೆ ಸುರಿಯುತ್ತದೆ. ಸಿಡಿಲಿನ ಸೂಚನೆ ಕಂಡರೆ ಬಯಲಲ್ಲಿರುವ ಕಬ್ಬಿಣದ ಫಿರಂಗಿಗಳ ಪಕ್ಕ ನಿಲ್ಲದೆ ಒಳಗಿನ ಪ್ರದರ್ಶನ ಕೋಣೆಗಳಿಗೆ ಹೋಗಿ.

ಎರಡೂವರೆಯಿಂದ ಮೂರು ಗಂಟೆ ಇಟ್ಟುಕೊಳ್ಳಿ. ಒಬ್ಬೊಬ್ಬರಿಗೂ ಒಂದು ಲೀಟರ್ ನೀರು, ಸೊಳ್ಳೆ ನಿವಾರಕ, ಹಿಡಿತವಿರುವ ಬೂಟು, ಚಿಕ್ಕದೊಂದು ಟಾರ್ಚ್. ಸುರಂಗದಲ್ಲಿ ದೀಪವಿದೆ, ಆದರೂ ಟಾರ್ಚ್ ಏಕೆ ಎಂಬುದನ್ನು ಮುಂದೆ ಹೇಳುತ್ತೇನೆ. ಮೊಬೈಲಿನಲ್ಲಿ ದಿಕ್ಸೂಚಿ ಆ್ಯಪ್ ಇರಲೇಬೇಕು. ತಿಂಡಿಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಕೈಯಲ್ಲಿ ಹಿಡಿದು ನಡೆಯಬೇಡಿ, ಆ ಕಾಡಿನಲ್ಲಿ ಕೋತಿಗಳಿವೆ. ನವಿಲುಗಳೂ ಇವೆ, ಅವುಗಳಿಂದ ಏನೂ ತೊಂದರೆಯಿಲ್ಲ.

ದಾರಿ: ನೇರಳೆ ಬಣ್ಣದ ರೈಲು

ನಮ್ಮವರು ಹೆಚ್ಚಾಗಿ ಉಳಿಯುವುದು ಲಿಟಲ್ ಇಂಡಿಯಾದಲ್ಲಿ ಅಥವಾ ಮುಸ್ತಫಾ ಸೆಂಟರಿನ ಸುತ್ತಮುತ್ತ. ಇದು ಅನುಕೂಲವೇ ಆಯಿತು. ಎಂಆರ್‌ಟಿ ಎಂಬ ಅಲ್ಲಿನ ಮೆಟ್ರೋ ರೈಲಿನ ನಾರ್ತ್ ಈಸ್ಟ್ ಲೈನ್, ಅಂದರೆ ನಕ್ಷೆಯಲ್ಲಿ ನೇರಳೆ ಗೆರೆ, ಫಾರರ್ ಪಾರ್ಕ್ ಮತ್ತು ಲಿಟಲ್ ಇಂಡಿಯಾ ಎರಡನ್ನೂ ಮುಟ್ಟಿಕೊಂಡು ನೇರವಾಗಿ ಹಾರ್ಬರ್‌ಫ್ರಂಟ್‌ಗೆ ಹೋಗುತ್ತದೆ. ಲಿಟಲ್ ಇಂಡಿಯಾದಿಂದ ಐದನೇ ನಿಲ್ದಾಣ, ಅದೇ ಕೊನೆಯದು. ರೈಲು ಬದಲಿಸುವ ಗೊಡವೆಯಿಲ್ಲ. ವಿದೇಶದಲ್ಲಿ ನಡೆಯುವ ಕಾಂಟ್ಯಾಕ್ಟ್‌ಲೆಸ್ ವೀಸಾ ಅಥವಾ ಮಾಸ್ಟರ್‌ಕಾರ್ಡ್ ಇದ್ದರೆ ಗೇಟಿಗೆ ತೋರಿಸಿ ಒಳಹೋಗಬಹುದು.

ಈ ರೈಲಿನಲ್ಲಿ ಕೂತಾಗ ಎರಡು ವಿಷಯ ನೆನಪಿರಲಿ. ನೀವು ಹತ್ತಿದ ಫಾರರ್ ಪಾರ್ಕಿನ ಮೈದಾನದಲ್ಲೇ 1942ರ ಫೆಬ್ರುವರಿ 17ರಂದು, ಶರಣಾಗತಿಯ ಎರಡನೇ ದಿನ, ನಲವತ್ತು ಸಾವಿರಕ್ಕೂ ಹೆಚ್ಚು ಭಾರತೀಯ ಸೈನಿಕರನ್ನು ಕೂಡಿಸಿ ಬ್ರಿಟಿಷ್ ಅಧಿಕಾರಿಗಳು ಜಪಾನಿನ ಮೇಜರ್ ಫುಜಿವಾರನ ಕೈಗೆ ಒಪ್ಪಿಸಿದ್ದು. ಆತನ ಜೊತೆ ನಿಂತು ಮಾತಾಡಿದವರು ಕ್ಯಾಪ್ಟನ್ ಮೋಹನ್ ಸಿಂಗ್. ಆಜಾದ್ ಹಿಂದ್ ಫೌಜಿನ ಆರಂಭ ಅಲ್ಲಿಂದ. ಲಿಟಲ್ ಇಂಡಿಯಾದ ಮುಂದಿನ ನಿಲ್ದಾಣ ಧೋಬಿ ಘಾಟ್. ಅದರ ಪಕ್ಕದ ಕ್ಯಾಥೆ ಕಟ್ಟಡದಲ್ಲಿ 1943ರ ಅಕ್ಟೋಬರ್ 21ರಂದು ಸುಭಾಷ್‌ಚಂದ್ರ ಬೋಸರು ಆಜಾದ್ ಹಿಂದ್ ತಾತ್ಕಾಲಿಕ ಸರ್ಕಾರವನ್ನು ಘೋಷಿಸಿದರು. ಇಷ್ಟು ಗೊತ್ತಿದ್ದರೆ ಕೋಟೆ ತಲುಪುವ ಮೊದಲೇ ಅದರ ಕಥೆ ನಮ್ಮದೂ ಹೌದೆನ್ನಿಸುತ್ತದೆ.

ಹಾರ್ಬರ್‌ಫ್ರಂಟ್ ನಿಲ್ದಾಣದ ಮೇಲೇ ವಿವೋಸಿಟಿ ಮಾಲ್. ಅಲ್ಲಿಂದ ದ್ವೀಪಕ್ಕೆ ಎರಡು ಸುಲಭ ದಾರಿ. ಮೂರನೇ ಮಹಡಿಯಿಂದ ಸೆಂಟೋಸಾ ಎಕ್ಸ್‌ಪ್ರೆಸ್ ಮಾನೋರೈಲು, ಹೋಗುವಾಗ 4 ಸಿಂಗಾಪುರ ಡಾಲರ್, ಬರುವಾಗ ದುಡ್ಡಿಲ್ಲ. ಇಲ್ಲವಾದರೆ ಬೋರ್ಡ್‌ವಾಕ್ ಎಂಬ ಕಾಲುಹಾದಿಯಲ್ಲಿ ನಡೆದೇ ಹೋಗಬಹುದು. ಹಿರಿಯರಿದ್ದರೆ ಮಾನೋರೈಲೇ ಸರಿ. ಕೊನೆಯ ನಿಲ್ದಾಣ ಬೀಚ್ ಸ್ಟೇಷನ್‌ನಲ್ಲಿ ಇಳಿದು, ದ್ವೀಪದೊಳಗಿನ ಉಚಿತ ಬಸ್ಸುಗಳಲ್ಲಿ ‘ಸಿಲೋಸೊ ಪಾಯಿಂಟ್’ ಕಡೆಗೆ ಹೋಗುವುದನ್ನು ಹತ್ತಿ. ಕೇಬಲ್ ಕಾರಿಗೂ ಸಿಲೋಸೊ ಪಾಯಿಂಟ್‌ನಲ್ಲಿ ನಿಲ್ದಾಣವಿದೆ. ಹೇಗೂ ಟಿಕೆಟ್ ತೆಗೆದಿದ್ದರೆ ಬಳಸಿಕೊಳ್ಳಿ, ಕೋಟೆಗೆಂದೇ ತೆಗೆಯುವುದು ದಂಡ.

ಮೊದಲ ಹೆಜ್ಜೆ: ಸ್ಕೈವಾಕ್ ಮೇಲೆ ನಿಂತು ನಕ್ಷೆ ಓದಿ

ಬಸ್ಸಿಳಿದರೆ ಎದುರಿಗೇ ಕಬ್ಬಿಣದ ಗೋಪುರ. 2015ರಲ್ಲಿ ಕಟ್ಟಿದ ಸ್ಕೈವಾಕ್ ಇದು. ಸುಮಾರು ಹನ್ನೊಂದು ಅಂತಸ್ತಿನ ಎತ್ತರದಲ್ಲಿ, ಮರಗಳ ನೆತ್ತಿಯ ಮೇಲೆ 181 ಮೀಟರ್ ಉದ್ದಕ್ಕೆ ಹಾಸಿದ ಸೇತುವೆ. ಲಿಫ್ಟ್ ಇದೆ, ಗಾಲಿಕುರ್ಚಿಯೂ ಹೋಗುತ್ತದೆ. ಬಹುತೇಕರು ಇಲ್ಲಿ ಸೆಲ್ಫಿ ತೆಗೆದು ಮುಂದೆ ಹೋಗುತ್ತಾರೆ. ನೀವು ಐದು ನಿಮಿಷ ನಿಂತು ದಿಕ್ಸೂಚಿ ತೆರೆಯಿರಿ.

ಉತ್ತರಕ್ಕೆ ಕಿರಿದಾದ ನೀರು, ಅದರಾಚೆ ಸಿಂಗಾಪುರದ ಮುಖ್ಯ ದ್ವೀಪ. ಅಲ್ಲಿ ಕಾಣುವ ಹಸಿರು ಗುಡ್ಡ ಲ್ಯಾಬ್ರಡಾರ್. ಬಂದರಿಗೆ ಬರುವ ಹಡಗು ಎರಡು ಗುಡ್ಡಗಳ ನಡುವೆಯೇ ನುಸುಳಬೇಕು. ಇಕ್ಕೆಲದಲ್ಲೂ ಫಿರಂಗಿ ಏಕಿಟ್ಟರು ಎಂಬುದು ಇಲ್ಲಿ ನಿಂತರೆ ವಿವರಣೆಯಿಲ್ಲದೆ ಅರ್ಥವಾಗುತ್ತದೆ. ವಾಯವ್ಯಕ್ಕೆ ಪಾಸಿರ್ ಪಾಂಜಾಂಗ್ ಬಂದರಿನ ಕ್ರೇನುಗಳು. ಆ ಹೆಸರನ್ನು ನೆನಪಿಟ್ಟುಕೊಳ್ಳಿ, ಮತ್ತೆ ಬೇಕಾಗುತ್ತದೆ. ದಕ್ಷಿಣಕ್ಕೆ ತೆರೆದ ಸಮುದ್ರ, ಸಾಲುಸಾಲು ಹಡಗುಗಳು.

ಎರಡನೇ ಹೆಜ್ಜೆ: ಫಿರಂಗಿಯನ್ನು ಓದುವುದು

ಕೋಟೆಯೊಳಗೆ ಬೇರೆ ಬೇರೆ ಕಾಲದ ಫಿರಂಗಿಗಳಿವೆ. ಕೆಲವನ್ನು ಬೇರೆಡೆಯಿಂದ ತಂದು ಜೋಡಿಸಿದ್ದಾರೆ. ಬ್ರಿಟನ್ 1956ರಲ್ಲಿ ಕರಾವಳಿ ಫಿರಂಗಿದಳವನ್ನೇ ಮುಚ್ಚಿತು; ಅದರ ಹಳೆಯ ನೆಲೆಗಳಲ್ಲಿದ್ದ ಫಿರಂಗಿಗಳಲ್ಲಿ ಬಹುಪಾಲು ಗುಜರಿ ಸೇರಿದವು. ಹಾಗಾಗಿ ಪ್ರತಿ ಫಲಕವನ್ನೂ ಓದಿ: ಇದು ಇಲ್ಲಿಯದೇ, ಹೊರಗಿನದೇ, ಅಥವಾ ಪ್ರತಿಕೃತಿಯೇ?

ಪ್ರತಿ ಫಿರಂಗಿಯ ಬಳಿ ಮೊದಲು ನೋಡಬೇಕಾದದ್ದು ಮದ್ದು ಎಲ್ಲಿಂದ ತುಂಬುತ್ತಾರೆ ಎಂಬುದು. ಹಿಂಬದಿ ಪೂರ್ತಿ ಮುಚ್ಚಿದ್ದರೆ ಬಾಯಿಂದ ತುಂಬುವ ಹಳೆಯ ಜಾತಿ. 1870ರ ದಶಕದಲ್ಲಿ ಇಲ್ಲಿಗೆ ಬಂದ 7 ಇಂಚಿನ ಫಿರಂಗಿಗಳು ಈ ಬಗೆಯವು, ನಳಿಗೆಯ ತೂಕವೇ ಸುಮಾರು ಏಳು ಟನ್. ಈಗ ಟಾರ್ಚ್ ತೆಗೆಯಿರಿ. ನಳಿಗೆಯ ಬಾಯೊಳಗೆ ಬೆಳಕು ಬಿಟ್ಟು ನೋಡಿದರೆ ಸುರುಳಿಯಾಗಿ ಒಳಹೋಗುವ ತೋಡುಗಳು ಕಾಣುತ್ತವೆ. ಹಳೆಯದರಲ್ಲಿ ಬೆರಳೆಣಿಕೆಯಷ್ಟು ಅಗಲ ತೋಡುಗಳು. ಆ ಕಾಲದ ಗುಂಡಿನ ಮೈಮೇಲೆ ಗುಬುಟುಗಳಿರುತ್ತಿದ್ದವು, ಅವನ್ನು ತೋಡಿಗೆ ಸರಿಯಾಗಿ ಕೂರಿಸಿ ಒಳಕ್ಕೆ ತಳ್ಳಬೇಕಿತ್ತು. 20ನೇ ಶತಮಾನದ, ಹಿಂದಿನಿಂದ ತುಂಬುವ ಫಿರಂಗಿಯಲ್ಲಿ ತೋಡುಗಳು ಸಣ್ಣವು, ಒತ್ತೊತ್ತಾಗಿ ಇರುತ್ತವೆ. ಗುಂಡಿನ ಸುತ್ತ ತಾಮ್ರದ ಪಟ್ಟಿ. ಹಾರಿಸಿದಾಗ ಅದು ತೋಡಿಗೆ ಕಚ್ಚಿಕೊಂಡು ಗುಂಡನ್ನು ತಿರುಗಿಸುತ್ತದೆ. ತಿರುಗುವ ಗುಂಡು ನೇರ ಹೋಗುತ್ತದೆ. ಆರವತ್ತು ವರ್ಷಗಳ ತಂತ್ರಜ್ಞಾನದ ವ್ಯತ್ಯಾಸ ಒಂದು ಟಾರ್ಚ್ ಬೆಳಕಿನಲ್ಲಿ ಕಾಣುತ್ತದೆ.

ಆಮೇಲೆ ನಳಿಗೆಯ ಮೇಲ್ಭಾಗ ಮತ್ತು ಪಕ್ಕಕ್ಕೆ ಚಾಚಿದ ಗೂಟಗಳ ತುದಿ ನೋಡಿ. ಕಿರೀಟದ ಕೆಳಗೆ ‘ವಿ ಆರ್’ ಎಂಬ ಇಂಗ್ಲಿಷ್ ಅಕ್ಷರಗಳಿದ್ದರೆ ವಿಕ್ಟೋರಿಯಾ ರಾಣಿಯ ಕಾಲದ್ದು. ‘ಆರ್ ಜಿ ಎಫ್’ ಎಂದಿದ್ದರೆ ಲಂಡನ್ನಿನ ವುಲಿಚ್‌ನಲ್ಲಿದ್ದ ಸರ್ಕಾರಿ ಫಿರಂಗಿ ಕಾರ್ಖಾನೆಯದು. ಅಡ್ಡಗೆರೆ ಹಾಕಿ ಬರೆದ ಮೂರು ಸಂಖ್ಯೆಗಳು ಕಂಡರೆ ಅದು ತೂಕ: ಮೊದಲನೆಯದು ಹಂಡ್ರೆಡ್‌ವೇಟ್, ಅಂದರೆ ಒಂದಕ್ಕೆ 112 ಪೌಂಡ್, ಎರಡನೆಯದು ಅದರ ಕಾಲು ಭಾಗಗಳು, ಮೂರನೆಯದು ಉಳಿದ ಪೌಂಡ್. ಮಕ್ಕಳಿಗೆ ಲೆಕ್ಕ ಹಾಕಲು ಹೇಳಿ, ಕಿಲೋಗೆ ತಿರುಗಿಸುವಷ್ಟರಲ್ಲಿ ಅವರ ಗಲಾಟೆ ನಿಂತಿರುತ್ತದೆ.

ಕೊನೆಯದಾಗಿ ಫಿರಂಗಿ ಬಿಟ್ಟು ನೆಲ ನೋಡಿ. ಹಳೆಯ ಫಿರಂಗಿ ಕಟ್ಟೆಗಳಲ್ಲಿ ಕಬ್ಬಿಣದ ಹಳಿ ಬಾಗಿ ಸಾಗುತ್ತದೆ. ಗಾಡಿಯ ಗಾಲಿಗಳು ಅದರ ಮೇಲೆ ಹೊರಳಿ ಫಿರಂಗಿ ತಿರುಗುತ್ತಿತ್ತು. ಹಳಿ ಅರ್ಧಚಂದ್ರವಾಗಿದ್ದರೆ ಅದು ಹಿಂದಕ್ಕೆ ತಿರುಗಲಾರದು. ಹೊಸ 6 ಇಂಚಿನ ಫಿರಂಗಿ ನಡುಗೂಟದ ಮೇಲೆ ಸುತ್ತುತ್ತದೆ. ಜೇಬಿನಲ್ಲಿಟ್ಟ ಪ್ರಶ್ನೆಯನ್ನು ಈಗ ಹೊರತೆಗೆಯಿರಿ. 1942ರ ಫೆಬ್ರುವರಿಯಲ್ಲಿ ಸಿಲೋಸೊದ ಫಿರಂಗಿಗಳು ತಿರುಗಿದವು, ಪಶ್ಚಿಮ ತೀರದಗುಂಟ ಮುಖ್ಯ ದ್ವೀಪದಲ್ಲಿ ಮುನ್ನುಗ್ಗುತ್ತಿದ್ದ ಜಪಾನೀ ಪಡೆಯ ಮೇಲೆ ಗುಂಡು ಹಾರಿಸಿದವು. ಸ್ಕೈವಾಕ್‌ನಿಂದ ಕಂಡ ಪಾಸಿರ್ ಪಾಂಜಾಂಗ್ ಅದೇ ದಿಕ್ಕು. ಕನಾಟ್ ನೆಲೆಯೂ, ಚಾಂಗಿಯ ದೊಡ್ಡ ಫಿರಂಗಿಗಳೂ ನೆಲದ ಕಡೆ ಹಾರಿಸಿದವು.

ಹಾಗಾದರೆ ಸೋತದ್ದೇಕೆ? ಅದಕ್ಕೆ ಉತ್ತರವಿರುವುದು ಫಿರಂಗಿ ನೋಡುತ್ತಿದ್ದ ದಿಕ್ಕಿನಲ್ಲಲ್ಲ, ಅದರ ಗುಂಡಿನಲ್ಲಿ. ಕರಾವಳಿ ಫಿರಂಗಿಗಳಿಗೆ ಕೊಟ್ಟಿದ್ದ ಗುಂಡುಗಳಲ್ಲಿ ಬಹುಪಾಲು ಹಡಗಿನ ಉಕ್ಕಿನ ಕವಚ ಸೀಳಲು ಮಾಡಿದವು. ಅಂಥ ಗುಂಡು ಮೆತ್ತನೆಯ ಮಣ್ಣಿಗೆ ಬಿದ್ದರೆ ಆಳಕ್ಕೆ ಹೂತುಹೋಗಿ ಸಿಡಿಯುತ್ತದೆ, ಸುತ್ತಲಿನ ಸೈನಿಕರಿಗೆ ಹೆಚ್ಚೇನೂ ಆಗದು. ಕಾಲಾಳುಗಳ ಮೇಲೆ ಸಿಡಿಸುವ ಗುಂಡುಗಳ ದಾಸ್ತಾನು ತೀರ ಕಡಿಮೆ. ಗುಂಡು ಎಲ್ಲಿ ಬಿತ್ತು ಎಂದು ನೋಡಿ ಹೇಳುವ ವೀಕ್ಷಕರ ವ್ಯವಸ್ಥೆಯೂ ಸಮುದ್ರಕ್ಕೆ ತಕ್ಕಂತೆ ಇತ್ತು. ಕಾಡು, ರಬ್ಬರ್ ತೋಟಗಳ ನಡುವೆ ಅದು ಕುರುಡು.

ಮೂರನೇ ಹೆಜ್ಜೆ: ಕಮಾಂಡ್ ಪೋಸ್ಟ್

ಗುಂಡು ಹಾರಿಸಲು ಮೊದಲು ಹಡಗು ಎಷ್ಟು ದೂರದಲ್ಲಿದೆ ಎಂದು ಗೊತ್ತಾಗಬೇಕು. ಬ್ಯಾಟರಿ (ಅಂದರೆ ಫಿರಂಗಿ ನೆಲೆ) ಕಮಾಂಡ್ ಪೋಸ್ಟ್‌ನಲ್ಲಿ ಬೊಂಬೆಗಳನ್ನು ನಿಲ್ಲಿಸಿ ಆ ಕೆಲಸವನ್ನು ತೋರಿಸಿದ್ದಾರೆ. ಉಪಾಯ ಸರಳ. ವೀಕ್ಷಕ ನಿಂತ ಜಾಗ ಸಮುದ್ರದಿಂದ ಎಷ್ಟು ಎತ್ತರ ಎಂಬುದು ಗೊತ್ತು. ದೂರದರ್ಶಕವನ್ನು ಹಡಗಿನ ನೀರುಗೆರೆಗೆ ಬಗ್ಗಿಸಿದಾಗ ಆಗುವ ಕೋನವನ್ನು ಅಳೆಯಬಹುದು. ಎತ್ತರ, ಕೋನ ಎರಡೂ ಸಿಕ್ಕರೆ ದೂರ ತಾನಾಗಿ ಬಂತು, ಹೈಸ್ಕೂಲಿನ ತ್ರಿಕೋನಮಿತಿ ಅಷ್ಟೇ. ಒಂದು ತೊಡಕು: ಭರತ ಇಳಿತದಿಂದ ನೀರಿನ ಮಟ್ಟ ಏರಿಳಿಯುತ್ತದೆ, ಅದಕ್ಕೆ ತಕ್ಕಂತೆ ಎತ್ತರವನ್ನು ತಿದ್ದುತ್ತಿರಬೇಕು. ಕರಾವಳಿ ಕೋಟೆಗಳು ಗುಡ್ಡ ಹುಡುಕಿಕೊಂಡು ಹೋದದ್ದಕ್ಕೆ ದೂರ ಕಾಣುವುದಷ್ಟೇ ಕಾರಣವಲ್ಲ; ಎತ್ತರ ಹೆಚ್ಚಿದಷ್ಟೂ ಅಳತೆ ನಿಖರ.

ನಾಲ್ಕನೇ ಹೆಜ್ಜೆ: ಸುರಂಗಗಳು

ನನ್ನ ಮಟ್ಟಿಗೆ ಇಡೀ ಕೋಟೆಯಲ್ಲಿ ಹೆಚ್ಚು ಹೊತ್ತು ಕಳೆಯಬೇಕಾದ ಜಾಗ ಇದು. ಮೂರು ಸುರಂಗ ಸಮೂಹಗಳಿವೆ, ಎಲ್ಲ ಮದ್ದುಗುಂಡಿನ ಉಗ್ರಾಣಗಳು. ಬಿಸಿಲಿನಿಂದ ಇಳಿದರೆ ತಂಪು. ಗೋಡೆಯ ಮೇಲೆ ತೇವ, ಕಾಲಿಗೆ ಜಾರುವ ನೆಲ. ತಗ್ಗು ಬಾಗಿಲುಗಳಿವೆ, ಎತ್ತರದವರು ತಲೆ ಕಾಪಾಡಿಕೊಳ್ಳಿ.

ವಿಕ್ಟೋರಿಯಾ ಕಾಲದ ಮದ್ದಿನ ಮನೆಗಳ ರಚನೆ ಗೊತ್ತಿದ್ದರೆ ಇಲ್ಲಿನ ಗೋಡೆಗಳು ಮಾತಾಡುತ್ತವೆ. ಮದ್ದಿನ ಚೀಲಗಳಿಗೆ ಒಂದು ಕೋಣೆ, ಗುಂಡುಗಳಿಗೆ ಬೇರೆ ಕೋಣೆ. ಕರೆಂಟಿಲ್ಲದ ಕಾಲ, ಬೆಳಕಿಗೆ ಎಣ್ಣೆದೀಪವೇ ಗತಿ. ಮದ್ದಿನ ಕೋಣೆಯೊಳಗೆ ದೀಪ ಒಯ್ದರೆ ಏನಾಗುತ್ತದೆ ಎಂದು ಹೇಳಬೇಕಿಲ್ಲ. ಅದಕ್ಕೆ ಅವರು ಗೋಡೆಯ ಆಚೆ ಬದಿಯಲ್ಲಿ ಕಿರಿದಾದ ಬೇರೆಯೇ ಓಣಿ ಮಾಡುತ್ತಿದ್ದರು. ದೀಪ ಹಚ್ಚುವವನು ಆ ಓಣಿಯಲ್ಲಿ ಹೋಗಿ, ಗೋಡೆಯ ಗೂಡಿನಲ್ಲಿ ದೀಪ ಇಡುತ್ತಿದ್ದ. ಗೂಡಿಗೂ ಕೋಣೆಗೂ ನಡುವೆ ದಪ್ಪ ಗಾಜು. ಬೆಳಕು ಒಳಕ್ಕೆ, ಬೆಂಕಿ ಹೊರಗೆ. ಮದ್ದು ಮುಟ್ಟುವವರು ಮೊದಲು ಮೊಳೆಬೂಟು, ಲೋಹದ ಗುಂಡಿಯ ಅಂಗಿ ಕಳಚಿ ಬೇರೆ ಬಟ್ಟೆ ಹಾಕಬೇಕಿತ್ತು, ಒಂದು ಕಿಡಿ ಸಾಕಲ್ಲ. ಕೋಣೆಗಳಲ್ಲಿ ಚೌಕಾಕಾರದ ಗೂಡು ಕಂಡರೆ ಹತ್ತಿರ ಹೋಗಿ ಟಾರ್ಚ್ ಬಿಡಿ: ಗಾಜು ಕೂರಿಸಿದ ಚೌಕಟ್ಟಿನ ಗುರುತು ಉಳಿದಿದೆಯೇ, ಆಚೆಗೆ ಓಣಿ ಇದೆಯೇ? ಚಾವಣಿಯಲ್ಲಿ ಮೇಲಕ್ಕೆ ಹೋಗುವ ಕಿಂಡಿಗಳನ್ನೂ ಹುಡುಕಿ, ಗುಂಡನ್ನು ಮೇಲೆತ್ತಿ ಫಿರಂಗಿಗೆ ಕೊಡುತ್ತಿದ್ದ ದಾರಿ ಅದು. 6 ಇಂಚಿನ ಒಂದು ಗುಂಡಿನ ತೂಕ 100 ಪೌಂಡ್, ಸುಮಾರು 45 ಕಿಲೋ. ಇಂಥ ಸೆಕೆಯಲ್ಲಿ, ಗಂಟೆಗಟ್ಟಲೆ.

ಐದನೇ ಹೆಜ್ಜೆ: ಶರಣಾಗತಿಯ ಕೋಣೆಗಳು

ಸುರಂಗ ಮುಗಿಸಿದ ಮೇಲೆಯೇ ಸರೆಂಡರ್ ಚೇಂಬರ್ಸ್‌ಗೆ ಹೋಗಿ; ಬೆವರಿದ ಮೈಗೆ ಎ.ಸಿ.ಯೂ ಸಿಗುತ್ತದೆ. ಮೇಣದ ಪ್ರತಿಮೆಗಳಲ್ಲಿ ಎರಡು ಶರಣಾಗತಿಗಳಿವೆ. ಮೊದಲನೆಯದು 1942ರ ಫೆಬ್ರುವರಿ 15: ಬುಕಿಟ್ ತಿಮಾದ ಫೋರ್ಡ್ ಕಾರ್ಖಾನೆಯಲ್ಲಿ ಬ್ರಿಟಿಷ್ ಸೇನಾಪತಿ ಪರ್ಸಿವಲ್ ಮತ್ತು ಜಪಾನೀ ಸೇನಾಪತಿ ಯಮಾಶಿತ ಎದುರುಬದುರು. ಅಂದು ಸುಮಾರು 85,000 ಸೈನಿಕರು ಆಯುಧ ಕೆಳಗಿಟ್ಟರು; ಗೆದ್ದ ಯಮಾಶಿತನ ಸೈನ್ಯ ಸಂಖ್ಯೆಯಲ್ಲಿ ಅದಕ್ಕಿಂತ ಚಿಕ್ಕದು, ಮದ್ದುಗುಂಡೂ ಮುಗಿಯುತ್ತ ಬಂದಿತ್ತು. ಎರಡನೆಯದು 1945ರ ಸೆಪ್ಟೆಂಬರ್ 12: ಮುನಿಸಿಪಲ್ ಕಟ್ಟಡದಲ್ಲಿ ಮೌಂಟ್‌ಬ್ಯಾಟನ್ ಎದುರು ಜಪಾನಿನ ಪರವಾಗಿ ಸಹಿ ಹಾಕಿದವನು ಜನರಲ್ ಇಟಗಾಕಿ. ಪ್ರತಿಮೆಗಳ ಮುಂದೆ ಫೋಟೋ ತೆಗೆದು ಹೊರಡುವವರೇ ಹೆಚ್ಚು. ನೀವು ಜೊತೆಗಿರುವ ಫಲಕ, ದಾಖಲೆಗಳನ್ನೂ ಓದಿ.

ಒಂದು ಸಂಗತಿಯನ್ನು ಚಿಕ್ಕ ಮಕ್ಕಳಿಗೆ ಹೇಗೆ ಹೇಳುತ್ತೀರಿ ಎಂದು ಮೊದಲೇ ಯೋಚಿಸಿಡಿ. ಶರಣಾಗತಿಯ ನಂತರ ಜಪಾನೀಯರು ಚೀನೀ ಗಂಡಸರನ್ನು ಸಾಮೂಹಿಕವಾಗಿ ಕೊಂದರು. ಸೂಕ್ ಚಿಂಗ್ ಎಂದು ಅದಕ್ಕೆ ಹೆಸರು. ಈ ದ್ವೀಪದ ದಡಕ್ಕೆ ತೇಲಿಬಂದ ಸುಮಾರು 300 ಹೆಣಗಳನ್ನು ಇಲ್ಲಿದ್ದ ಬ್ರಿಟಿಷ್ ಯುದ್ಧಕೈದಿಗಳು ಮಣ್ಣು ಮಾಡಿದರು. ಈಗ ಜನ ಈಜುವ ಬೀಚುಗಳ ದ್ವೀಪ ಅದೇ.

ಹಿರಿಯರು, ಮಕ್ಕಳು, ಊಟ

ಮಂಡಿನೋವಿನವರನ್ನು ಸ್ಕೈವಾಕ್, ಹತ್ತಿರದ ಫಿರಂಗಿಗಳು, ಶರಣಾಗತಿ ಕೋಣೆಗಳಿಗಷ್ಟೇ ಕರೆದೊಯ್ಯಿರಿ, ಸುರಂಗಗಳಿಗೆ ಮೆಟ್ಟಿಲುಗಳಿವೆ. ಫಿರಂಗಿಯ ಮೇಲೆ ಮಕ್ಕಳನ್ನು ಹತ್ತಿಸಿ ಫೋಟೋ ತೆಗೆಯುವ ಚಪಲ ಬೇಡ. 2022ರಿಂದ ಇದು ಸಿಂಗಾಪುರದ ರಾಷ್ಟ್ರೀಯ ಸ್ಮಾರಕ, ಅಲ್ಲಿ ದಂಡದ ವಿಷಯದಲ್ಲಿ ಸಡಿಲವಿಲ್ಲ. ಕೋಟೆಯ ಬಳಿ ಸಸ್ಯಾಹಾರಿಗಳಿಗೆ ನೆಚ್ಚಿಕೊಳ್ಳುವಂಥದ್ದಿಲ್ಲ. ಬೆಳಿಗ್ಗೆ ಲಿಟಲ್ ಇಂಡಿಯಾದಲ್ಲೇ ಇಡ್ಲಿ-ವಡೆ ಹೊಟ್ಟೆತುಂಬ ತಿಂದು ಹೊರಡಿ, ಊಟಕ್ಕೆ ವಾಪಸ್ ಅಲ್ಲಿಗೇ ಬನ್ನಿ.

ಇನ್ನರ್ಧ ದಿನ ಸಿಕ್ಕರೆ

ಆಸಕ್ತಿ ಕುದುರಿದವರು ಮೊದಲು ಲ್ಯಾಬ್ರಡಾರ್ ಉದ್ಯಾನಕ್ಕೆ ಹೋಗಿ. ಹಾರ್ಬರ್‌ಫ್ರಂಟ್‌ನಿಂದ ಸರ್ಕಲ್ ಲೈನಿನಲ್ಲಿ ಹತ್ತಿರವೇ. ಬೆಳಿಗ್ಗೆ ನಿಂತಿದ್ದ ಗುಡ್ಡವನ್ನು ಆಚೆ ದಡದಿಂದ ನೋಡಬಹುದು. ಚಾಂಗಿಯ ಕಾಸ್‌ಫರ್ಡ್ ರಸ್ತೆಯಲ್ಲಿರುವ ಜೊಹೋರ್ ಬ್ಯಾಟರಿ ವಿಮಾನ ಹಿಡಿಯುವ ದಿನಕ್ಕೆ ಸರಿ, ಟ್ಯಾಕ್ಸಿಯೇ ಅನುಕೂಲ. ಅಲ್ಲಿದ್ದ 15 ಇಂಚಿನ ಮೂರು ಫಿರಂಗಿಗಳಲ್ಲಿ ಎರಡು ಪೂರ್ತಿ ಸುತ್ತ ತಿರುಗಬಲ್ಲವಾಗಿದ್ದವು. ಈಗಿರುವುದು ಪ್ರತಿಕೃತಿ, ಕೆಳಗಿನ ಮದ್ದಿನ ಸುರಂಗ 1991ರಲ್ಲಿ ಆಕಸ್ಮಿಕವಾಗಿ ಪತ್ತೆಯಾದದ್ದು.

ಆದರೆ ಒಂದನ್ನೇ ಆರಿಸಿಕೊಳ್ಳಬೇಕೆಂದರೆ ನಾನು ಕ್ರಾಂಜಿ ಯುದ್ಧ ಸ್ಮಾರಕವನ್ನೇ ಹೇಳುವುದು. ನಾರ್ತ್ ಸೌತ್ ಲೈನಿನ ಕ್ರಾಂಜಿ ನಿಲ್ದಾಣದಿಂದ ಕಾಲುಗಂಟೆ ನಡಿಗೆ. ಗೋರಿ ಸಿಗದ 24,000ಕ್ಕೂ ಹೆಚ್ಚು ಯೋಧರ ಹೆಸರುಗಳನ್ನು ಅಲ್ಲಿನ ಗೋಡೆಗಳ ಮೇಲೆ ಪಡೆಗಳ ಪ್ರಕಾರ ಕೆತ್ತಿದ್ದಾರೆ, ಅದರಲ್ಲಿ ಭಾರತೀಯರು ಬಹಳ. ದಹನ ಸಂಸ್ಕಾರ ಪಡೆದ ಸುಮಾರು 800 ಮಂದಿಗೆ ಪ್ರತ್ಯೇಕ ಸ್ಮಾರಕವೂ ಇದೆ. ಮೈಸೂರು ಸಂಸ್ಥಾನದ ಮೊದಲನೇ ಇನ್‌ಫೆಂಟ್ರಿ ಆ ಯುದ್ಧದಲ್ಲಿ ಸಿಂಗಾಪುರದಲ್ಲಿತ್ತು. ಹೊರಡುವ ಮುನ್ನ ಕಾಮನ್‌ವೆಲ್ತ್ ಯುದ್ಧಸ್ಮಶಾನ ಆಯೋಗದ ವೆಬ್‌ಸೈಟಿನಲ್ಲಿ ಮೈಸೂರು ಇನ್‌ಫೆಂಟ್ರಿ ಎಂದು ಇಂಗ್ಲಿಷಿನಲ್ಲಿ ಹಾಕಿ ಹುಡುಕಿ, ಸಿಕ್ಕ ಹೆಸರುಗಳ ಮುಂದಿರುವ ಕಂಬದ ಸಂಖ್ಯೆಯನ್ನು ಬರೆದುಕೊಳ್ಳಿ. ಆ ಸಂಖ್ಯೆ ಕೈಯಲ್ಲಿಲ್ಲದೆ ಹೋದರೆ ಅಷ್ಟೊಂದು ಗೋಡೆಗಳ ನಡುವೆ ಬಿಸಿಲಿನಲ್ಲಿ ಹುಡುಕಿ ಮುಗಿಸಲಾಗದು.